ಕಿರುಹೊತ್ತಗೆಗಳ ಸಂಗ್ರಹವೂ ನಾಡಿನ ನೆನಪೂ

(ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ಶಿಕ್ಷಕರೂ ವಾಚಕರೂ ಹಾನಗಲ್ಲಿನಲ್ಲಿ ಕೂಡಿದ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ತಾರಕೇಶ್ವರನ ಈ ಊರಿನಲ್ಲಿ ನಿಂತು ಅಮೇರಿಕೆಯ ಹಳೆಯ ರಾಜಕೀಯ ಕಿರುಹೊತ್ತಗೆಗಳ ಸಂಗ್ರಹವನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಹಾನಗಲ್ಲಿನವರಿಗೆ ಅಮೇರಿಕೆಯ ಉಸಾಬರಿ ಯಾತಕ್ಕೆಂದು ತಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ಕೇಳುತ್ತಿರಬಹುದು. ಆ ಪ್ರಶ್ನೆಯು ಯೋಗ್ಯವಾದುದೇ ಸರಿ. ಅದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ನಾಡು ಹೇಗೆ ಹುಟ್ಟಿತೆಂಬದನ್ನು ಅದರ ಮಕ್ಕಳು ಮುಂದೆ ತಿಳಿಯಬೇಕಾದರೆ, ಆ ಕಾಲದಲ್ಲಿ ಅಚ್ಚಾಗಿ ಬೀದಿಯಲ್ಲಿ ಹಂಚಿಹೋದ ಹಗುರವಾದ ಹೊತ್ತಗೆಗಳನ್ನು ಯಾರಾದರೊಬ್ಬರು ತಮ್ಮ ಮನೆಯಲ್ಲಿ ಕಾದಿಟ್ಟಿರಬೇಕು. ಅಮೇರಿಕೆಯವರಲ್ಲಿ ಅಂಥ ಮಹನೀಯರು ಇದ್ದರು. ನಮ್ಮ ಕರ್ನಾಟಕದ ಏಕೀಕರಣದ ಹೊತ್ತಗೆಗಳನ್ನು ಕಾಯುವವರು ಯಾರು? ಇದನ್ನೇ ಇಂದು ತಮ್ಮ ಮುಂದೆ ಇಡಲು ಬಂದಿದ್ದೇನೆ.

ಕಿರುಹೊತ್ತಗೆಯೆಂದರೆ ಕೆಲವೇ ಹಾಳೆಗಳನ್ನು ಮಡಿಸಿ, ನಡುವೆ ದಾರ ಹೊಲಿದು, ರಟ್ಟು ಹಾಕದೆ ಮಾರುವ ಚಿಕ್ಕ ಪುಸ್ತಕ. ಮಹಾಗ್ರಂಥವನ್ನು ಬರೆಯಲು ವರುಷಗಳು ಬೇಕಾಗುತ್ತವೆ. ಇದನ್ನು ಒಂದು ವಾರದಲ್ಲಿ ಬರೆದು ಮುಂದಿನ ವಾರದಲ್ಲಿ ಅಚ್ಚು ಹಾಕಿಸಬಹುದು. ಬೆಲೆ ಕಡಿಮೆ, ಒಯ್ಯಲು ಹಗುರ, ಓದಿ ನೆರೆಯವನ ಕೈಗೆ ಕೊಡಲು ಸುಲಭ. ಆದುದರಿಂದಲೇ ರಾಜಕಾರಣದ ಕಾವೇರಿದ ದಿನಗಳಲ್ಲಿ ಎಲ್ಲ ನಾಡುಗಳಲ್ಲಿಯೂ ಇದರ ಬೆಳೆ ಹುಲುಸಾಗಿ ಬರುತ್ತದೆ. ಆದರೆ ಇದರ ಆಯುಷ್ಯವು ಬಹು ಕಡಿಮೆ. ಕೆಲಸ ಮುಗಿದ ಮೇಲೆ ಇದನ್ನು ಯಾರೂ ಕಪಾಟಿನಲ್ಲಿ ಇಡುವದಿಲ್ಲ.

ಇನ್ನು ಅಮೇರಿಕೆಯ ಮಾತಿಗೆ ಬರುವೆನು. ೧೭೬೫ರಲ್ಲಿ ಇಂಗ್ಲಂಡದ ಪಾರ್ಲಮೆಂಟು ಅಲ್ಲಿಯ ತನ್ನ ವಸಾಹತುಗಳ ಮೇಲೆ ಮುದ್ರಾಂಕದ ಕರವನ್ನು ಹೇರಿತು. ಕೋರ್ಟಿನ ಕಾಗದಕ್ಕೆ ಕರ, ವೃತ್ತಪತ್ರಕ್ಕೆ ಕರ, ಕಿರುಹೊತ್ತಗೆಗೂ ಕರ! ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ತಮ್ಮ ಮೇಲೆ ಕರ ಕೂಡಿಸಬಹುದೇ ಎಂಬ ವಾದವು ಅಂದಿನಿಂದ ಹೊತ್ತಗೆಗಳಲ್ಲಿಯೇ ನಡೆಯಿತು. ಜಾನ್ ಡಿಕಿನ್‌ಸನ್ ಎಂಬ ವಕೀಲನು ತನ್ನನ್ನು ಒಬ್ಬ ಒಕ್ಕಲಿಗನೆಂದು ಹೇಳಿಕೊಂಡು ೧೭೬೭–೬೮ರಲ್ಲಿ ಹನ್ನೆರಡು ಪತ್ರಗಳನ್ನು ಬರೆದನು. ಮೊದಲು ವೃತ್ತಪತ್ರಗಳಲ್ಲಿ ಬಂದ ಆ ಪತ್ರಗಳು ಆ ಮೇಲೆ ಹೊತ್ತಗೆಯಾಗಿ ವಸಾಹತುಗಳ ತುಂಬ ಹರಡಿದವು. ಆ ಬಳಿಕ, ೧೭೭೪ರಲ್ಲಿ ಇಂಗ್ಲಂಡದಿಂದ ಬರಿಗೈಯಿಂದ ಬಂದ ಥಾಮಸ್ ಪೇನನು ೧೭೭೬ರ ಜನವರಿಯಲ್ಲಿ ಫಿಲಡೆಲ್ಫಿಯಾ ಪಟ್ಟಣದಲ್ಲಿ 'ಕಾಮನ್ ಸೆನ್ಸ್' ಎಂಬ ನೂರು ಪುಟವೂ ತುಂಬದ ಹೊತ್ತಗೆಯನ್ನು ತನ್ನ ಹೆಸರಿಲ್ಲದೆ ಪ್ರಕಟಿಸಿದನು. ಅರಸನ ಆಳಿಕೆಯೇ ಬೇಡ, ಸ್ವಾತಂತ್ರ್ಯವೇ ಬೇಕು ಎಂಬ ಮಾತನ್ನು ಹೊಲಗಾರನೂ ಕಮ್ಮಾರನೂ ತಿಳಿಯುವ ಭಾಷೆಯಲ್ಲಿ ಅವನು ಹೇಳಿದನು. ಅದೇ ವರುಷದ ಜುಲೈ ತಿಂಗಳಲ್ಲಿ ಹದಿಮೂರು ವಸಾಹತುಗಳು ತಾವು ಸ್ವತಂತ್ರರೆಂದು ಸಾರಿದವು. ಒಂದೇ ಹೊತ್ತಗೆಯಿಂದ ಇಷ್ಟೆಲ್ಲ ಆಯಿತೆಂದು ನಾನು ಹೇಳುವದಿಲ್ಲ. ಆದರೆ ಜನರ ಬಾಯಿಗೆ ಬಾರದಿದ್ದ ಮಾತನ್ನು ಆ ಹೊತ್ತಗೆಯು ಬಾಯಿಗೆ ತಂದಿತೆಂಬದರಲ್ಲಿ ಸಂಶಯವಿಲ್ಲ.

ಈ ಹೊತ್ತಗೆಗಳು ಉಳಿದುದು ಹೇಗೆಂಬ ಕಥೆಯೇ ನನ್ನ ಮುಖ್ಯ ವಿಷಯ. ಸ್ವಾತಂತ್ರ್ಯದ ಘೋಷಣೆಯನ್ನು ಬರೆದ ಥಾಮಸ್ ಜೆಫರ್‌ಸನ್ನನು ಒಳ್ಳೆಯ ವಿದ್ವಾಂಸನು. ಪುಸ್ತಕಗಳ ಹುಚ್ಚು ಅವನಿಗೆ ಜನ್ಮಕ್ಕಂಟಿದ್ದಿತು. ಅವನು ತನ್ನ ಮನೆಯಲ್ಲಿ ದೊಡ್ಡ ಗ್ರಂಥಗಳ ಜೊತೆಗೆ ರಾಜಕೀಯ ಕಿರುಹೊತ್ತಗೆಗಳನ್ನೂ ಕೂಡಿಸಿ, ಹಲವನ್ನು ಒಟ್ಟಿಗೆ ಸೇರಿಸಿ ರಟ್ಟು ಕಟ್ಟಿಸಿ ಇಡುತ್ತಿದ್ದನು. ೧೮೧೪ರ ಅಗಸ್ಟ ತಿಂಗಳಲ್ಲಿ ಇಂಗ್ಲೀಷರ ದಂಡು ವಾಷಿಂಗ್ಟನ್ ಪಟ್ಟಣವನ್ನು ಹೊಕ್ಕು ಸುಟ್ಟಿತು. ಅಲ್ಲಿಯ ಕಾಂಗ್ರೆಸ್ಸಿನ ಗ್ರಂಥಭಂಡಾರವೂ ಬೂದಿಯಾಯಿತು. ಆಗ ಜೆಫರ್‌ಸನ್ನನು ತನ್ನ ಸಂಗ್ರಹವನ್ನು ಸರಕಾರಕ್ಕೆ ಕೊಡಮಾಡಿದನು. ೧೮೧೫ರಲ್ಲಿ ೬,೪೮೭ ಸಂಪುಟಗಳನ್ನು ೨೩,೯೫೦ ಡಾಲರಿಗೆ ಕೊಂಡು ಗಾಡಿಗಳಲ್ಲಿ ಹೇರಿಕೊಂಡು ಹೋದರು. ಹೀಗೆ ಒಬ್ಬ ಗೃಹಸ್ಥನ ಮನೆಯ ಪುಸ್ತಕಗಳಿಂದ ರಾಷ್ಟ್ರದ ಭಂಡಾರವು ಮರಳಿ ಹುಟ್ಟಿತು.

ಆದರೆ ವಿಧಿಯಾಟವು ಅಲ್ಲಿಗೆ ತೀರಲಿಲ್ಲ. ೧೮೫೧ರ ಡಿಸೆಂಬರ ೨೪ರ ಬೆಳಿಗ್ಗೆ, ಹೊಗೆಗೊಳವೆಯ ದೋಷದಿಂದ ಆ ಭಂಡಾರಕ್ಕೆ ಮತ್ತೆ ಬೆಂಕಿ ಬಿದ್ದಿತು. ಐವತ್ತೈದು ಸಾವಿರ ಸಂಪುಟಗಳಲ್ಲಿ ಸುಮಾರು ಮೂವತ್ತೈದು ಸಾವಿರ ಸುಟ್ಟುಹೋದವು. ಜೆಫರ್‌ಸನ್ನನ ಪುಸ್ತಕಗಳಲ್ಲಿ ಮೂರರಲ್ಲಿ ಎರಡು ಪಾಲು ಇಲ್ಲವಾದವು. ಈ ಸಲವೂ ನಾಡಿಗೆ ಆಸರೆಯಾದವನು ಮತ್ತೊಬ್ಬ ಗೃಹಸ್ಥನೇ. ಪೀಟರ್ ಫೋರ್ಸ್ ಎಂಬವನು ಅಚ್ಚುಕೂಟದ ಕೆಲಸದಿಂದ ಮೇಲೆ ಬಂದು, ವಾಷಿಂಗ್ಟನ್ ನಗರದ ಮೇಯರನೂ ಆಗಿದ್ದವನು. ಅಮೇರಿಕೆಯ ಹುಟ್ಟಿನ ಕಾಲದ ಕಾಗದವೆಂದರೆ ಅವನಿಗೆ ಪ್ರಾಣ. ಅಪರೂಪವಾದ ಹಳೆಯ ಹೊತ್ತಗೆಗಳನ್ನು ೧೮೩೬ರಿಂದ ೧೮೪೬ರ ವರೆಗೆ ನಾಲ್ಕು ಸಂಪುಟಗಳಲ್ಲಿ ಮರುಮುದ್ರಿಸಿದನು. ಕ್ರಾಂತಿಯ ಕಾಲದ ದಾಖಲೆಗಳನ್ನು ಬೇರೆ ದೊಡ್ಡ ಸಂಪುಟಗಳಲ್ಲಿ ಹೊರತಂದನು. ೧೮೬೭ರಲ್ಲಿ ಸರಕಾರವು ಅವನ ಇಡಿಯ ಸಂಗ್ರಹವನ್ನು ಒಂದು ಲಕ್ಷ ಡಾಲರಿಗೆ ಕೊಂಡಿತು. ಅದರಲ್ಲಿ ಇಪ್ಪತ್ತೆರಡು ಸಾವಿರಕ್ಕೂ ಮೇಲ್ಪಟ್ಟು ಪುಸ್ತಕಗಳು, ಸುಮಾರು ನಾಲ್ವತ್ತು ಸಾವಿರ ಕಿರುಹೊತ್ತಗೆಗಳು! ಮಹನೀಯರೇ, ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿರಿ. ಸರಕಾರದ ಭಂಡಾರವು ಎರಡು ಸಲ ಸುಟ್ಟಿತು. ಎರಡು ಸಲವೂ ಅದನ್ನು ತುಂಬಿಕೊಟ್ಟುದು ಒಬ್ಬೊಬ್ಬರ ಮನೆ.

ಇಂಥ ಹೊತ್ತಗೆಗಳನ್ನು ಕೂಡಿಟ್ಟುದರಿಂದ ಫಲವೇನೆಂದು ಕೇಳಿದರೆ ಅದಕ್ಕೂ ಉತ್ತರವಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಇತಿಹಾಸಕಾರ ಬರ್ನಾರ್ಡ್ ಬೇಲಿನ್ ಅವರು ಇಂಗ್ಲಂಡದೊಡನೆ ನಡೆದ ಆ ವಾದದ ನಾಲ್ಕು ನೂರಕ್ಕೂ ಹೆಚ್ಚು ಕಿರುಹೊತ್ತಗೆಗಳನ್ನು ಹುಡುಕಿ ಓದಿ, ೧೯೬೫ರಿಂದ ಅವುಗಳ ಸಂಪಾದನೆಗೆ ಕೈಹಾಕಿದರು. ೧೯೬೭ರಲ್ಲಿ ಅವರು ಬರೆದ ಗ್ರಂಥವು ಅಮೇರಿಕೆಯ ಕ್ರಾಂತಿಯ ಇತಿಹಾಸವನ್ನೇ ಹೊಸ ಕಣ್ಣಿನಿಂದ ನೋಡುವಂತೆ ಮಾಡಿತು. ಹೊತ್ತಗೆ ಬರೆದವರು ಮಣ್ಣಾಗಿ ನೂರಾರು ವರುಷಗಳಾದ ಮೇಲೆ ಅವರ ಮನಸ್ಸು ಈ ರೀತಿಯಾಗಿ ತೆರೆಯಿತು. ಕಾದಿಟ್ಟವರಿಲ್ಲದಿದ್ದರೆ ಬೇಲಿನ್ನರು ಏನನ್ನು ಓದುತ್ತಿದ್ದರು?

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಅಮೇರಿಕೆಗೂ ನಮಗೂ ನಡುವೆ ಸೇತುವೆಯಾಗಿ ಒಬ್ಬ ಕನ್ನಡಿಗರು ನಿಂತಿದ್ದಾರೆ. ಅವರು ಹುಬ್ಬಳ್ಳಿಯನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡ ಡಾ. ನಾರಾಯಣ ಸುಬ್ಬರಾವ ಹರ್ಡೀಕರರು. ೧೮೮೯ರಲ್ಲಿ ವಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ ಹುಟ್ಟಿದ ಅವರು ಹೆಚ್ಚಿನ ವೈದ್ಯವಿದ್ಯೆಗಾಗಿ ಅಮೇರಿಕೆಗೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿದರು. ೧೯೧೭ರಲ್ಲಿ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್‌ರೂಲ್ ಲೀಗನ್ನು ಕಟ್ಟಿದಾಗ ಹರ್ಡೀಕರರು ಅವರ ಬಲಗೈಯಾದರು. ಅಮೇರಿಕೆಯವರಿಗೆ ಹಿಂದುಸ್ಥಾನದ ಮೊರೆಯನ್ನು ಮುಟ್ಟಿಸಿದ ಆ ಲೀಗಿನ ಮುಖ್ಯ ಆಯುಧವೂ ಕಿರುಹೊತ್ತಗೆ ಮತ್ತು ಮಾಸಪತ್ರಿಕೆಗಳೇ. ಪೇನನು ಯಾವ ದಾರಿಯಿಂದ ತನ್ನ ಜನರನ್ನು ಎಬ್ಬಿಸಿದನೋ ಅದೇ ದಾರಿಯಿಂದ, ಪೇನನ ನಾಡಿನಲ್ಲಿಯೇ, ನಮ್ಮವರು ನಮ್ಮ ಸ್ವಾತಂತ್ರ್ಯದ ವಾದವನ್ನು ಹೂಡಿದರು. ಹರ್ಡೀಕರರು ೧೯೨೧ರಲ್ಲಿ ತಾಯ್ನಾಡಿಗೆ ಮರಳಿ ಮುಂದೆ ಹಿಂದುಸ್ಥಾನಿ ಸೇವಾದಳವನ್ನು ಕಟ್ಟಿದುದು ತಮಗೆಲ್ಲ ತಿಳಿದುದೇ. ಅವರು ಅಮೇರಿಕೆಯನ್ನು ಬಿಟ್ಟ ಎರಡು ವರುಷಗಳ ಮೇಲೆ, ೧೯೨೩ರಲ್ಲಿ, ಅವರು ಓದಿದ ಅದೇ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕ್ಲೆಮೆಂಟ್ಸ್ ಎಂಬ ಉದ್ಯಮಿಯು ಕೂಡಿಸಿದ ಆದಿಕಾಲದ ಅಮೇರಿಕೆಯ ಪುಸ್ತಕ, ಕಿರುಹೊತ್ತಗೆಗಳ ಭಂಡಾರವು ಬಾಗಿಲು ತೆರೆಯಿತು. ೧೯೭೫ರಲ್ಲಿ ಹರ್ಡೀಕರರು ತೀರಿಕೊಂಡರು. ಅವರ ಕಾಗದಪತ್ರಗಳು ದಿಲ್ಲಿಯ ತೀನ್‌ಮೂರ್ತಿ ಭವನದ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ. ಒಬ್ಬರ ಕಾಗದಗಳು ಉಳಿದವೆಂದು ಸಂತೋಷಪಡೋಣ. ಉಳಿದವರ ಗತಿಯೇನು?

ಕರ್ನಾಟಕದ ಏಕೀಕರಣವೂ ಲೇಖನಿಯಿಂದಲೇ ಮೊದಲಾದ ಚಳವಳಿಯಲ್ಲವೇ? ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ೧೯೧೭ರಲ್ಲಿ ಆಲೂರ ವೆಂಕಟರಾಯರು 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿದರು. ೧೯೨೪ರಲ್ಲಿ ಬೆಳಗಾವಿಯಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಏಕೀಕರಣ ಪರಿಷತ್ತು ಕೂಡಿತು. ೧೯೨೮ರಲ್ಲಿ ಏಕೀಕರಣದ ಪಕ್ಷವನ್ನು ಮಂಡಿಸಿದ ಇಂಗ್ಲೀಷ ಹೊತ್ತಗೆಯೊಂದು ಧಾರವಾಡದಿಂದ ಹೊರಟಿತು. ಅದೇ ವರುಷ ಮೋತಿಲಾಲ ನೆಹರೂ ಅವರ ಸಮಿತಿಯು ಏಕೀಕರಣ ಸಂಘದವರೂ ಪ್ರಾಂತಿಕ ಕಾಂಗ್ರೆಸ್ ಸಮಿತಿಯವರೂ ತಂದ ವಾದವನ್ನು ಪರಿಶೀಲಿಸಿ, ಕನ್ನಡಿಗರ ಬೇಡಿಕೆಗೆ ಬಲವಾದ ಆಧಾರವುಂಟೆಂದು ಒಪ್ಪಿಕೊಂಡಿತು. ಇವು ದೊಡ್ಡ ಊರುಗಳ ದೊಡ್ಡ ಸಂಗತಿಗಳು. ಇವು ಇತಿಹಾಸದ ಪುಸ್ತಕಗಳಲ್ಲಿ ದಾಖಲಾಗಿವೆ. ಆದರೆ ಆ ಮಾತು ಧಾರವಾಡದಿಂದ ಹೊರಟು ಹಳ್ಳಿಯ ಚಾವಡಿಯನ್ನು ಮುಟ್ಟಿದುದು ಯಾವ ಹಾಳೆಯ ಮೇಲೆ? ಅದನ್ನು ಯಾರು ತಂದರು, ಯಾರು ಓದಿ ಹೇಳಿದರು? ಇದನ್ನು ಹೇಳಬಲ್ಲುವು ಆ ಕರಪತ್ರಗಳು ಮತ್ತು ಹೊತ್ತಗೆಗಳು ಮಾತ್ರ.

ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಆ ಪ್ರಶ್ನೆಗೆ ವಿಶೇಷವಾದ ಮಹತ್ವವಿದೆ. ಹಾನಗಲ್ಲ ತಾಲೂಕು, ಬಂಕಾಪುರ ತಾಲೂಕೆನಿಸಿದ್ದ ಇಂದಿನ ಶಿಗ್ಗಾಂವಿ, ಕೋಡ ತಾಲೂಕೆನಿಸಿದ್ದ ಇಂದಿನ ಹಿರೇಕೆರೂರ ಇವು ಮುಂಬಯಿ ಪ್ರಾಂತದಲ್ಲಿದ್ದವು. ನಡುವೆಯೇ ಸವಣೂರ, ನವಾಬರ ಸಂಸ್ಥಾನ. ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ಅದರ ಆಡಳಿತವೇ ಬೇರೆ. ಸವಣೂರಿನ ಆಚೆ ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. ಹಿರೇಕೆರೂರಿನ ತೆಂಕಣ ಗಡಿ ದಾಟಿದರೆ ಶಿಕಾರಿಪುರ, ಅದು ಮೈಸೂರ ಅರಸರದು. ಒಂದೇ ಭಾಷೆ, ಒಂದೇ ಜೋಳದ ರೊಟ್ಟಿ, ಒಂದೇ ಜಾತ್ರೆಗೆ ಹೋಗುವ ಜನ. ಮಗಳನ್ನು ಕೊಟ್ಟ ಊರು ಮಾತ್ರ ಬೇರೆ ಸರಕಾರದ್ದು. ನಾಡು ಹರಿದುಹೋಗಿದೆಯೆಂಬದನ್ನು ಇಲ್ಲಿಯವರು ಯಾವ ಪಂಡಿತರಿಂದಲೂ ಕಲಿಯಬೇಕಾಗಿರಲಿಲ್ಲ. ೧೯೫೬ರ ನವಂಬರ ೧ರಂದು ಆ ಗಡಿಗಳು ಅಳಿಸಿಹೋದವು. ೧೯೯೭ರಿಂದ ನಾಲ್ಕು ತಾಲೂಕುಗಳೂ ಹಾವೇರಿ ಜಿಲ್ಲೆಯಲ್ಲಿವೆ. ಇಂದಿನ ನಮ್ಮ ಹುಡುಗರಿಗೆ ಆ ಗಡಿಯ ಕಲ್ಲುಗಳು ಎಲ್ಲಿದ್ದವೆಂಬದೂ ತಿಳಿಯದು. ತಿಳಿಯದಿರುವದು ಒಂದು ರೀತಿಯಿಂದ ಭಾಗ್ಯವೇ. ಆದರೆ ಅವನ್ನು ಅಳಿಸಲು ಹಿರಿಯರು ಪಟ್ಟ ಪಾಡೂ ತಿಳಿಯದೆ ಹೋದರೆ ಅದು ಕೃತಘ್ನತೆಯಾಗುವದು.

ನಮ್ಮ ಸೀಮೆಯು ಬರೆಹಕ್ಕೆ ಹೊಸದೇನೂ ಅಲ್ಲ. ಬಂಕಾಪುರದಲ್ಲಿ ಒಂಬತ್ತನೆಯ ಶತಮಾನದ ಕೊನೆಗೆ ಸಂಸ್ಕೃತದ ಉತ್ತರಪುರಾಣವು ಪೂರ್ಣವಾಯಿತು. ಇದೇ ಹಾನಗಲ್ಲಿನ ಗುಡಿಯ ಶಿಲಾಶಾಸನಗಳೂ ಹಿರೇಕೆರೂರ ತಾಲೂಕಿನ ಅಬ್ಬಲೂರಿನ ಶಾಸನಗಳೂ ಎಂಟು ನೂರು ವರುಷಗಳ ಮಳೆಗಾಳಿಯನ್ನು ಸಹಿಸಿಯೂ ಇಂದಿಗೂ ಓದಲು ಸಿಗುತ್ತವೆ. ಹಾವೇರಿಯ ಕಡೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಕಲ್ಲಿನ ಮೇಲಿನ ದಾನಪತ್ರವು ಉಳಿದಷ್ಟು ಕಾಲ ಕಾಗದದ ಮೇಲಿನ ಏಕೀಕರಣವು ಉಳಿಯಲಾರದು. ಅಂದಿನ ಅಗ್ಗದ ಕಾಗದವು ಈಗಾಗಲೇ ಕಂದಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದೆ. ಗೆದ್ದಲಿಗೂ ಮಳೆಗಾಲದ ಸೋರಿಕೆಗೂ ದೇಶಾಭಿಮಾನವೆಂಬುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ತಮ್ಮೆದುರಿಗೆ ಒಪ್ಪಿಕೊಳ್ಳಬೇಕಾಗಿದೆ. ನನ್ನ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಅವರದೊಂದು ತಗಡಿನ ಟ್ರಂಕು ನಮ್ಮ ಮನೆಯ ಅಟ್ಟದ ಮೇಲೆ ಇರುತ್ತಿತ್ತು. ಅದರಲ್ಲಿ ಪರಿಷತ್ತುಗಳ ಆಮಂತ್ರಣಗಳು, ಠರಾವುಗಳ ಪ್ರತಿಗಳು, ನಾಲ್ಕಾಣೆಯ ಹೊತ್ತಗೆಗಳು ತುಂಬಿದ್ದವು. ಕೆಲವುಗಳ ಅಂಚಿನಲ್ಲಿ ಅವರು ಸೀಸದ ಕಡ್ಡಿಯಿಂದ ತಮ್ಮ ಅಭಿಪ್ರಾಯವನ್ನೂ ಬರೆದಿದ್ದರು. ಅವರು ತೀರಿಕೊಂಡ ಮೇಲೆ ಮನೆಯನ್ನು ಹೊಸದಾಗಿ ಕಟ್ಟಿಸುವಾಗ ಆ ಟ್ರಂಕನ್ನು ಕೆಳಗಿಳಿಸಿದೆವು. ನಾನೇ, ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದ ನಾನೇ, ಅದರೊಳಗಿನ ಕಾಗದವನ್ನೆಲ್ಲ ರದ್ದಿಯವನ ತಕ್ಕಡಿಗೆ ಹಾಕಿದೆನು. ಟ್ರಂಕನ್ನು ಮಾತ್ರ ಕಾಳು ತುಂಬಿಡಲು ಇಟ್ಟುಕೊಂಡೆವು! ಕೆಲವು ವರುಷಗಳ ಮೇಲೆ ನನ್ನ ಮೊಮ್ಮಗಳು, "ಅಜ್ಜಾ, ಮುತ್ತಜ್ಜ ಏಕೀಕರಣದಾಗ ಏನ್ ಮಾಡಿದ್ರು?" ಎಂದು ಶಾಲೆಯ ಪಾಠಕ್ಕಾಗಿ ಕೇಳಿದಳು. ಅವಳಿಗೆ ತೋರಿಸಲು ನನ್ನ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ಆ ದಿನದ ನಾಚಿಕೆಯೇ ನನ್ನನ್ನು ಫೋರ್ಸ್, ಜೆಫರ್‌ಸನ್ನರ ಕಥೆಗಳನ್ನು ಓದುವಂತೆ ಮಾಡಿತು.

ಇನ್ನೊಂದು ವಿಚಿತ್ರವನ್ನು ಕೇಳಿರಿ. ಬ್ರಿಟಿಷ ಸರಕಾರವು ತನಗೆ ಅಪಾಯವೆಂದು ತೋರಿದ ಭಾರತೀಯ ಭಾಷೆಗಳ ಹೊತ್ತಗೆಗಳನ್ನು ಮುಟ್ಟುಗೋಲು ಹಾಕಿಕೊಂಡು, ಒಂದೊಂದು ಪ್ರತಿಯನ್ನು ತನ್ನ ದಪ್ತರದಲ್ಲಿ ಇಟ್ಟುಕೊಳ್ಳುತ್ತಿತ್ತು. ಅಂಥವು ಎಷ್ಟೋ ಇಂದು ಲಂಡನ್ನಿನ ಗ್ರಂಥಾಲಯದಲ್ಲಿಯೂ ದಿಲ್ಲಿಯ ದಪ್ತರಖಾನೆಯಲ್ಲಿಯೂ ಉಳಿದುಕೊಂಡಿವೆ. ಹೊತ್ತಗೆಯನ್ನು ಕಂಡು ಅಂಜಿದವನು ಅದನ್ನು ಕಾಯ್ದನು. ಪ್ರೀತಿಸಿದ ನಾವು ತೂಕಕ್ಕೆ ಮಾರಿದೆವು. ಏಕೀಕರಣದ ಹೊತ್ತಗೆಗಳಿಗೆ ಬಹುತರವಾಗಿ ಆ ಪೋಲೀಸರ ಆಶ್ರಯವೂ ಇರಲಿಲ್ಲ. ಆದ ಕಾರಣ ಅವು ಉಳಿಯಬೇಕಾದರೆ ನಮ್ಮ ಮನೆಗಳಲ್ಲಿಯೇ ಉಳಿಯಬೇಕು.

ಹಾಗಾದರೆ ಮಾಡಬೇಕಾದುದೇನು? ನಾನು ನಾಲ್ಕು ಸೂಚನೆಗಳನ್ನು ಮಾಡುತ್ತೇನೆ.

ಒಂದನೆಯದು, ಹುಡುಕುವದು. ಹಳೆಯ ಶಿಕ್ಷಕರ, ವಕೀಲರ, ಕಾರ್ಯಕರ್ತರ, ಅಂಗಡಿಕಾರರ ಮನೆಗಳ ಅಟ್ಟಗಳಲ್ಲಿ ಇನ್ನೂ ಟ್ರಂಕುಗಳಿವೆ. ರದ್ದಿಯವನಿಗಿಂತ ಮೊದಲು ನಾವು ಆ ಮನೆಗೆ ಹೋಗಬೇಕು. ಕಾಗದವನ್ನು ಕೇಳಿ ತರುವದು ಬೇಡ. ತೆರೆದು ನೋಡಿ, ಅದರ ಬೆಲೆಯನ್ನು ಮನೆಯವರಿಗೆ ತಿಳಿಸಿದರೂ ಅರ್ಧ ಕೆಲಸವಾದಂತೆ.

ಎರಡನೆಯದು, ತಾರೀಖು ಬರೆಯುವದು. ಇಂಗ್ಲಂಡದಲ್ಲಿ ೧೬೪೦ರಿಂದ ೧೬೬೧ರ ವರೆಗೆ, ಅರಸನಿಗೂ ಪಾರ್ಲಮೆಂಟಿಗೂ ಯುದ್ಧ ನಡೆದ ಕಾಲದಲ್ಲಿ, ಜಾರ್ಜ್ ಥಾಮಸನ್ ಎಂಬ ಪುಸ್ತಕ ವ್ಯಾಪಾರಿಯು ಇಪ್ಪತ್ತೆರಡು ಸಾವಿರದಷ್ಟು ಹೊತ್ತಗೆ, ವೃತ್ತಪತ್ರಗಳನ್ನು ಕೂಡಿಸಿದನು. ಹೊತ್ತಗೆಯು ತನ್ನ ಕೈಸೇರಿದ ದಿನವನ್ನು ಅದರ ಮೇಲೆ ಬರೆದಿಡುವದು ಅವನ ಪದ್ಧತಿಯಾಗಿತ್ತು. ಆ ಒಂದು ಸಣ್ಣ ರೂಢಿಯಿಂದ ಇತಿಹಾಸಕಾರರಿಗೆ ಆದ ಉಪಕಾರವು ಅಷ್ಟಿಷ್ಟಲ್ಲ. ಯಾರ ಮನೆಯಲ್ಲಿ, ಯಾವ ಊರಿನಲ್ಲಿ, ಯಾವಾಗ ಸಿಕ್ಕಿತೆಂಬದನ್ನು ನಾವೂ ಬೇರೆ ಚೀಟಿಯಲ್ಲಿ ಬರೆದು ಜೊತೆಗೆ ಇಡಬೇಕು.

ಮೂರನೆಯದು, ಎದುರು ಪಕ್ಷದ ಹೊತ್ತಗೆಯನ್ನೂ ಕಾಯುವದು. ಪೇನನ ಹೊತ್ತಗೆಗೆ ಉತ್ತರವಾಗಿ ಅದೇ ೧೭೭೬ರಲ್ಲಿ ಅರಸನ ಪಕ್ಷದ ಜೇಮ್ಸ್ ಚಾಮರ್ಸ್ ಎಂಬವನು ಒಂದು ಹೊತ್ತಗೆಯನ್ನು ಬರೆದನು. ಅಮೇರಿಕೆಯ ಸಂಗ್ರಹಕಾರರು ಅದನ್ನು ಎಸೆಯಲಿಲ್ಲ. ನಮ್ಮಲ್ಲಿಯೂ ಏಕೀಕರಣವು ಬೇಡವೆಂದವರು ಇದ್ದರು. ಮೈಸೂರು ತನ್ನಷ್ಟಕ್ಕೆ ತಾನಿರಲಿ ಎಂದ ಹಿರಿಯರಿದ್ದರು. ಗಡಿಯ ಊರುಗಳು ತಮಗೆ ಸೇರಬೇಕೆಂದು ವಾದಿಸಿದ ನೆರೆಭಾಷೆಯವರಿದ್ದರು. ಅವರು ಬರೆದುದನ್ನು ಓದದೆ ನಮ್ಮವರ ವಾದದ ಬಲವು ತಿಳಿಯುವದಾದರೂ ಹೇಗೆ? ಅಭಿಮಾನಿಯು ತನಗೆ ಬೇಕಾದುದನ್ನಷ್ಟೇ ಇಟ್ಟುಕೊಳ್ಳುತ್ತಾನೆ. ವಿದ್ವಾಂಸನು ಎಲ್ಲವನ್ನೂ ಇಡುತ್ತಾನೆ. ಈ ಕೆಲಸಕ್ಕೆ ನಾವು ವಿದ್ವಾಂಸರಾಗಬೇಕು.

ನಾಲ್ಕನೆಯದು, ಪ್ರತಿ ತೆಗೆಯುವದು. ಹಳೆಯ ಕಾಗದಗಳನ್ನು ಬೀಗದೊಳಗೆ ಹಾಕಿದರೆ ಅವು ಉಳಿಯಲಾರವು, ಪ್ರತಿಗಳನ್ನು ಹೆಚ್ಚಿಸಿದರೆ ಮಾತ್ರ ಉಳಿಯುವವು ಎಂದು ಜೆಫರ್‌ಸನ್ನನು ೧೭೯೧ರಲ್ಲಿಯೇ ತನ್ನ ಮಿತ್ರನೊಬ್ಬನಿಗೆ ಬರೆದನು. ಅವನ ಕಾಲದಲ್ಲಿ ಪ್ರತಿ ಮಾಡುವದು ಬಹು ಕಷ್ಟದ ಕೆಲಸ. ಇಂದು ಇಲ್ಲಿ ಕುಳಿತ ಪ್ರತಿಯೊಬ್ಬರ ಕಿಸೆಯ ದೂರವಾಣಿಯಲ್ಲಿ ಛಾಯಾಯಂತ್ರವಿದೆ. ಮನೆಯವರು ಮೂಲವನ್ನು ಕೊಡಲು ಒಪ್ಪದಿದ್ದರೆ ಪುಟಪುಟವನ್ನೂ ಬೆಳಕಿನಲ್ಲಿಟ್ಟು ಚಿತ್ರ ತೆಗೆದುಕೊಳ್ಳಿರಿ. ಒಂದು ಪ್ರತಿಯು ಶಾಲೆಯಲ್ಲಿರಲಿ, ಒಂದು ತಾಲೂಕಿನ ಗ್ರಂಥಾಲಯದಲ್ಲಿರಲಿ, ಮತ್ತೊಂದು ಧಾರವಾಡಕ್ಕೆ ಹೋಗಲಿ. ಎರಡು ಸಲ ಸುಟ್ಟ ಆ ಭಂಡಾರವನ್ನು ನೆನೆದುಕೊಂಡು ಒಂದೇ ಕಡೆಯಲ್ಲಿ ಎಲ್ಲವನ್ನೂ ಇಡದಿರೋಣ.

ಇದಕ್ಕೆ ಹಣ ಬೇಕೆಂದು ನಾನು ಸರಕಾರವನ್ನು ಬೇಡಲು ಬಂದಿಲ್ಲ. ಸರಕಾರವು ಮಾಡಬೇಕಾದುದನ್ನು ಮಾಡಲಿ. ಆದರೆ ಫೋರ್ಸನು ತನ್ನ ಸಂಗ್ರಹವನ್ನು ಮೊದಲು ಮಾಡಿದಾಗ ಯಾವ ಸರಕಾರವೂ ಅವನಿಗೆ ಹೇಳಿರಲಿಲ್ಲ. ತಮ್ಮಲ್ಲಿ ಪ್ರತಿಯೊಬ್ಬ ಶಿಕ್ಷಕರೂ ಬರುವ ರಾಜ್ಯೋತ್ಸವದೊಳಗಾಗಿ ತಮ್ಮ ಊರಿನ ಒಂದು ಟ್ರಂಕನ್ನು ತೆರೆಯಿಸಿರಿ. ಹೆಚ್ಚಿಗೆ ಬೇಡ, ಒಂದೇ. ಅದರಲ್ಲಿ ಬರಿಯ ಲಗ್ನಪತ್ರಿಕೆಗಳೂ ಭೂಕಂದಾಯದ ಪಾವತಿಗಳೂ ಸಿಕ್ಕರೆ ನಿರಾಶರಾಗಬೇಡಿರಿ. ಮುಂದಿನ ಮನೆಗೆ ಹೋಗಿರಿ. ಸಿಕ್ಕುದರ ಯಾದಿಯನ್ನು ಮಾಡಿಕೊಂಡು ಬರುವ ವರುಷ ಸವಣೂರಿನಲ್ಲಿಯೋ ಹಿರೇಕೆರೂರಿನಲ್ಲಿಯೋ ಮತ್ತೆ ಕೂಡೋಣ. ಆಗ ನಾನು ಬದುಕಿದ್ದರೆ, ಆ ಯಾದಿಯನ್ನು ಹಿಡಿದುಕೊಂಡು ಮೊದಲು ನನ್ನ ಮೊಮ್ಮಗಳ ಹತ್ತಿರ ಹೋಗುವೆನು.